ಬ್ಲೂಬೆರಿ, ಕ್ರ್ಯಾನ್‌ಬೆರಿ, ಗೋಜಿ: ಅಷ್ಟು ದುಡ್ಡು ಕೊಟ್ಟು ಅಮ್ಮನಿಗೆ ತಿನ್ನಿಸಬೇಕಾ?

ನೀವು ಕೇಳಿದ್ದು ಇಷ್ಟು: ಅಮ್ಮನಿಗೆ 58 ವರ್ಷ. ಶುಗರ್ ಗಡಿಯಲ್ಲಿದೆ, ಬಿಪಿ ಮಾತ್ರೆ ಶುರುವಾಗಿದೆ. ದಿನಾ ಸೂಪರ್‌ಫುಡ್ ಬೆರಿ ಕೊಡು ಅಂತ ಅಕ್ಕ ಹೇಳ್ತಿದ್ದಾರೆ. ಅದಕ್ಕೆ ದುಡ್ಡು ಹಾಕೋದು ಸರೀನಾ, ಕೊಟ್ಟರೆ ಹೇಗೆ ಕೊಡೋದು?

ನಾನು ಡಾಕ್ಟರ್ ಅಲ್ಲ. ಆಹಾರ ತಂತ್ರಜ್ಞಾನ ಓದಿ, ಹಣ್ಣು ಸಂಸ್ಕರಣೆ ಮಾಡುವ ಕಡೆ ಕೆಲಸ ಮಾಡುವವಳು. ಆ ಕಡೆಯಿಂದ ನೋಡಿದರೆ ನನಗೆ ಕಾಣುವುದು ಇದು: ಯಾವ ಬೆರಿ ಅನ್ನುವುದಕ್ಕಿಂತ, ಅದು ಯಾವ ರೂಪದಲ್ಲಿ ಮನೆಗೆ ಬರುತ್ತದೆ ಅನ್ನುವುದೇ ಮುಖ್ಯ. ಹಸಿ ಹಣ್ಣು, ಫ್ರೋಜನ್ ಹಣ್ಣು ಒಳ್ಳೆಯದು. ಒಣಗಿಸಿ ಪ್ಯಾಕೆಟ್‌ಗೆ ತುಂಬಿದ್ದು ಬಹಳ ಸಲ ಮಿಠಾಯಿ.

ಮೊದಲು ಬ್ಲೂಬೆರಿ. ಅದರ ಸಿಪ್ಪೆಯ ನೀಲಿಗೆ ಆಂಥೋಸಯಾನಿನ್ ಅನ್ನುವ ಬಣ್ಣದ ಅಂಶ ಕಾರಣ. ಒಳ್ಳೆಯ ಗುಣಗಳ ಮಾತೆಲ್ಲ ಹುಟ್ಟುವುದು ಹೆಚ್ಚಾಗಿ ಅದರಿಂದಲೇ. ವಿಟಮಿನ್ ಸಿ ನೂರು ಗ್ರಾಂಗೆ ಹತ್ತು ಮಿಲಿಗ್ರಾಂ ಅಷ್ಟೇ. ನಮ್ಮ ಸೀಬೆಹಣ್ಣಿನಲ್ಲಿ ಅದರ ಇಪ್ಪತ್ತು ಪಟ್ಟು ಇದೆ!

ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. ನಿಮ್ಮ ಅಮ್ಮನ ವಯಸ್ಸಿನ, ಶುಗರ್, ಬಿಪಿ, ಕೊಬ್ಬು, ಹೊಟ್ಟೆ ಇಂಥವುಗಳಲ್ಲಿ ಕೆಲವು ಏರಿದ ನೂರಕ್ಕೂ ಹೆಚ್ಚು ಜನರನ್ನು ಗುಂಪು ಮಾಡಿ, ಆರು ತಿಂಗಳು ದಿನಾ ಕೆಲವರಿಗೆ ಬ್ಲೂಬೆರಿ ಪುಡಿ, ಉಳಿದವರಿಗೆ ಹೋಲಿಕೆಗೆ ಅದರಂತೆಯೇ ಕಾಣುವ ಬೇರೆ ಪುಡಿ ಕೊಟ್ಟರು. 150 ಗ್ರಾಂ ಹಸಿ ಹಣ್ಣಿಗೆ ಸಮನಾದಷ್ಟು ತಿಂದವರಲ್ಲಿ ರಕ್ತನಾಳ ಹಿಗ್ಗುವ ಗುಣ ಸುಧಾರಿಸಿತು. ಅದರ ಅರ್ಧ ತಿಂದವರಲ್ಲಿ ಏನೂ ಆಗಲಿಲ್ಲ. ಇನ್ಸುಲಿನ್ ಪ್ರತಿರೋಧ (ಅಂದರೆ ಶುಗರ್ ಇಳಿಸುವ ಇನ್ಸುಲಿನ್ ಮಾತನ್ನು ಮೈ ಸರಿಯಾಗಿ ಕೇಳದಿರುವುದು), ಬಿಪಿ ಎರಡೂ ಬ್ಲೂಬೆರಿ ತಿಂದ ಎರಡು ಗುಂಪಿನಲ್ಲೂ ಇದ್ದಲ್ಲೇ ಇದ್ದವು. ಖರ್ಚಿನಲ್ಲಿ ಒಂದು ಪಾಲು ಅಮೆರಿಕದ ಬ್ಲೂಬೆರಿ ಬೆಳೆಗಾರರ ಮಂಡಳಿಯದ್ದು. ಹಾಗಿದ್ದೂ ಆಗದ್ದನ್ನು ಆಗಲಿಲ್ಲ ಅಂತಲೇ ಬರೆದಿದ್ದಾರೆ, ಅದು ಮೆಚ್ಚಬೇಕಾದ ಮಾತು.

ಈಗ ಲೆಕ್ಕ ಹಾಕಿ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಡಬ್ಬಿ ಸಾಮಾನ್ಯವಾಗಿ 125 ಗ್ರಾಂ. ಪೆರುವಿನಿಂದಲೋ ಚಿಲಿಯಿಂದಲೋ ಬಂದದ್ದು, ಮುನ್ನೂರು ರೂಪಾಯಿ ಆಸುಪಾಸು. 150 ಗ್ರಾಂ ಅಂದರೆ ದಿನಕ್ಕೆ ಒಂದು ಡಬ್ಬಿಗಿಂತ ಜಾಸ್ತಿ, ತಿಂಗಳಿಗೆ ಹತ್ತು ಸಾವಿರದ ಮೇಲೆ. ಅಷ್ಟು ಸುರಿದರೂ ನಿಮಗೆ ಬೇಕಾದ ಶುಗರ್, ಬಿಪಿ ಇಳಿಯುತ್ತದೆ ಅಂತ ಆ ಪ್ರಯೋಗವೇ ಹೇಳುತ್ತಿಲ್ಲ. ಮೊಸರಿನ ಮೇಲೆ ನಾಲ್ಕು ಕಾಳು ಉದುರಿಸಿದರೆ ಚೆಂದ ಕಾಣುತ್ತದೆ, ಬೇರೇನಿಲ್ಲ.

ರುಚಿಗೆ ಬೇಕಿದ್ದರೆ ಫ್ರೋಜನ್ ತಗೊಳ್ಳಿ. ಕೊಯ್ದ ಮೇಲೆ ಬೇಗನೆ ಹೆಪ್ಪುಗಟ್ಟಿಸುವುದರಿಂದ ಸತ್ವ ಚೆನ್ನಾಗಿಯೇ ಉಳಿದಿರುತ್ತದೆ. ತಾಜಾ ಕೊಂಡರೆ ಹಣ್ಣಿನ ಮೇಲಿನ ಬೂದಿಯಂಥ ಬಿಳಿ ಲೇಪ ನೋಡಿ ಔಷಧಿ ಹೊಡೆದಿದ್ದಾರೆ ಅಂತ ಗಾಬರಿಯಾಗಬೇಡಿ. ಅದು ಹಣ್ಣಿನದೇ ಮೇಣ, ಇದ್ದಷ್ಟೂ ಹಣ್ಣು ಹೊಸದು. ತಂದ ತಕ್ಷಣ ತೊಳೆದಿಡಬೇಡಿ, ಬೂಸ್ಟು ಬರುತ್ತದೆ. ತಿನ್ನುವ ಹೊತ್ತಿಗೆ ತೊಳೆದರೆ ಸಾಕು. ಕೇಕಿಗೋ ಪ್ಯಾನ್‌ಕೇಕಿಗೋ ಹಾಕುವವರು ಸೋಡಾ ಕಡಿಮೆ ಹಾಕಿ. ಸೋಡಾ ಜಾಸ್ತಿಯಾದರೆ ಹಣ್ಣಿನ ಸುತ್ತ ಹಿಟ್ಟು ಹಸಿರಾಗಿ ಕೂರುತ್ತದೆ. ಕೆಟ್ಟಿದೆ ಅಂತ ಎಸೆಯೋರೂ ಇದ್ದಾರೆ, ಪಾಪ.

ಕ್ರ್ಯಾನ್‌ಬೆರಿ ವಿಷಯದಲ್ಲಿ ಮಾತ್ರ ಸ್ವಲ್ಪ ಜೋರಾಗಿ ಹೇಳ್ತೀನಿ. ಈ ಹಣ್ಣಿಗೆ ಒಂದು ನಿಜವಾದ ಉಪಯೋಗ ಇದೆ. ಪದೇ ಪದೇ ಉರಿಮೂತ್ರದ ಸೋಂಕು ಬರುವ ಹೆಂಗಸರಲ್ಲಿ ಕ್ರ್ಯಾನ್‌ಬೆರಿ ಅದನ್ನು ಕಡಿಮೆ ಮಾಡುತ್ತದೆ ಅಂತ 2023ರ ಕಾಕ್ರೇನ್ ವಿಮರ್ಶೆ (ಒಂದು ವಿಷಯದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವರದಿ) ಹೇಳಿದೆ. ಬ್ಯಾಕ್ಟೀರಿಯಾ ಮೂತ್ರಕೋಶದ ಗೋಡೆಗೆ ಅಂಟಿಕೊಳ್ಳದಂತೆ ತಡೆಯುವ ಅಂಶ ಅದರಲ್ಲಿದೆ. ಇದು ಬರದಂತೆ ತಡೆಯಲು. ಬಂದ ಸೋಂಕಿಗೆ ಇದೇ ಮದ್ದು ಅಂದುಕೊಂಡು ಕೂರಬಾರದು.

ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವುದು ಆ ಹಣ್ಣು ಅಲ್ಲ. ಹಸಿ ಕ್ರ್ಯಾನ್‌ಬೆರಿ ಬಾಯಿಗಿಡಲಾಗದಷ್ಟು ಹುಳಿ, ಒಗರು. ಅದಕ್ಕೇ ಸೀಳಿ, ಎಷ್ಟೋ ಕಡೆ ರಸವನ್ನೂ ತೆಗೆದು, ಉಳಿದದ್ದನ್ನು ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸುತ್ತಾರೆ. ಪ್ಯಾಕೆಟ್ ತಿರುಗಿಸಿ ನೋಡಿ. ನೂರು ಗ್ರಾಂಗೆ ಎಪ್ಪತ್ತು ಗ್ರಾಂ ಆಸುಪಾಸು ಸಕ್ಕರೆ ಅಂತ ಬರೆದಿರುತ್ತದೆ. ಒಂದು ಹಿಡಿ, ಅಂದರೆ ಮೂವತ್ತು ಗ್ರಾಂ ಬಾಯಿಗೆ ಹಾಕಿಕೊಂಡರೆ ಐದು ಚಮಚ ಸಕ್ಕರೆ ಒಳಗೆ ಹೋಯಿತು. ಶುಗರ್ ಗಡಿಯಲ್ಲಿ ಇರುವವರಿಗೆ ಇದನ್ನು ಆರೋಗ್ಯದ ಹೆಸರಲ್ಲಿ ಕೊಡೋದು ಯಾವ ನ್ಯಾಯ ಹೇಳಿ? ಒಣ ಬ್ಲೂಬೆರಿ, ಒಣ ಸ್ಟ್ರಾಬೆರಿ ಪ್ಯಾಕೆಟ್‌ಗಳನ್ನೂ ಹೀಗೇ ತಿರುಗಿಸಿ ನೋಡಿ. ಪದಾರ್ಥಗಳ ಪಟ್ಟಿ ತೂಕದ ಕ್ರಮದಲ್ಲಿರುತ್ತದೆ. ಸಕ್ಕರೆ ಮೊದಲೋ ಎರಡನೆಯದೋ ಆಗಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಈ ಪಾಕದ ಆಟ ನಮಗೂ ಹೊಸದಲ್ಲ. ಬೇಕರಿ ಕೇಕಿನ ಮೇಲೆ ಕೂರಿಸುವ ಕೆಂಪು 'ಚೆರ್ರಿ' ಎಷ್ಟೋ ಸಲ ನಮ್ಮ ಬೆಟ್ಟದ ಕವಳಿ ಹಣ್ಣು. ಹುಳಿ ಹೋಗುವ ತನಕ ಸಂಸ್ಕರಿಸಿ, ಬಣ್ಣ ಹಾಕಿ, ಪಾಕ ಕುಡಿಸಿದ್ದು. ಬೇಸಿಗೆಯಲ್ಲಿ ಉಪ್ಪು ಹಚ್ಚಿ ತಿನ್ನುವ ಕವಳಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ, ಅಲ್ವಾ?

ಇನ್ನು ಅಮ್ಮನಿಗೆ ಏನು ಕೊಡೋದು? ಜೂನ್-ಜುಲೈನಲ್ಲಿ ನೇರಳೆ. ಬ್ಲೂಬೆರಿಯಲ್ಲಿರುವ ಡೆಲ್ಫಿನಿಡಿನ್, ಮಾಲ್ವಿಡಿನ್ ಗುಂಪಿನ ಬಣ್ಣಗಳೇ ನೇರಳೆಯಲ್ಲೂ ಇವೆ. ಹಾಗಂತ ಎರಡೂ ಒಂದೇ ಅಂತ ನಾನು ಹೇಳಲ್ಲ, ಆದರೆ ಬಣ್ಣಕ್ಕಾಗಿ ಪೆರುವಿಗೆ ಹೋಗಬೇಕಿಲ್ಲ. ಬಣ್ಣ ಸಿಪ್ಪೆಯಲ್ಲಿ ಜಾಸ್ತಿ, ಹಾಗಾಗಿ ಸಿಪ್ಪೆ ಸಮೇತ ತಿನ್ನಲಿ. ಸೀಸನ್‌ನಲ್ಲಿ ಎರಡು ಕಿಲೋ ತಂದು, ಬೀಜ ಬಿಡಿಸಿ, ತಟ್ಟೆಯಲ್ಲಿ ಹರಡಿ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ಹೀಗೆ ಮಾಡಿದರೆ ಮುದ್ದೆ ಕಟ್ಟುವುದಿಲ್ಲ, ಬೇಕಾದಷ್ಟೇ ತೆಗೆದು ಮಜ್ಜಿಗೆ ಜೊತೆ ತಿರುವಬಹುದು. ರಾಮನಗರ, ಶಿಡ್ಲಘಟ್ಟದ ಕಡೆ ನೆಂಟರಿದ್ದರೆ ಹಿಪ್ಪುನೇರಳೆ ಹಣ್ಣು ಕೇಳಿ. ರೇಷ್ಮೆ ತೋಟದಲ್ಲಿ ಸೊಪ್ಪಿಗಾಗಿ ಕಡ್ಡಿ ಸವರುತ್ತಲೇ ಇರುವುದರಿಂದ ಹಣ್ಣು ಕಮ್ಮಿ. ಬದುವಿನಲ್ಲಿ ಬಿಟ್ಟ ಮರದಲ್ಲಿ ಸಿಗುತ್ತದೆ.

ನೆಲ್ಲಿಕಾಯಿಯಂತೂ ಕಣ್ಣು ಮುಚ್ಚಿ ಕೊಡಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ನೂರು ಗ್ರಾಂಗೆ ವಿಟಮಿನ್ ಸಿ 250 ಮಿಲಿಗ್ರಾಂ ಆಸುಪಾಸು. ಇದನ್ನು ಊಟದ ಜೊತೆಗೇ ಕೊಡಿ. ರಾಗಿ, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ವಿಟಮಿನ್ ಸಿ ನೆರವಾಗುತ್ತದೆ. ಹಸಿ ನೆಲ್ಲಿ ತುರಿದು ಮಾಡಿದ ತಂಬುಳಿ, ಮುದ್ದೆ ಪಕ್ಕ ಒಂದಿಷ್ಟು ಚಟ್ನಿ, ಇಷ್ಟು ಸಾಕು. ಮೊರಬ್ಬ ಬೇಡ, ಅದೂ ಪಾಕದ ಸಂಸಾರವೇ. ಉಪ್ಪಿನಕಾಯಿಯೂ ಬಿಪಿ ಇದ್ದವರಿಗೆ ನಾಲಿಗೆಗೆ ತಾಗುವಷ್ಟೇ ಇರಲಿ.

ಗೋಜಿ ಕೇಳಿದ್ರಿ. ಚೀನಾದ ನಿಂಗ್ಶಿಯಾ ಕಡೆಯ ಸಣ್ಣ ಕೆಂಪು ಹಣ್ಣಿನ ಬೆಳೆ, ಅಲ್ಲಿಯವರು ಸಾರಿಗೆ, ಚಹಾಕ್ಕೆ ಹಾಕುತ್ತಾರೆ. ಕಣ್ಣಿಗೆ ಬೇಕಾದ ಝಿಯಾಕ್ಸಾಂಥಿನ್ ಅದರಲ್ಲಿ ಚೆನ್ನಾಗಿದೆ. ಅದೇ ಅಂಶ ಮುಸುಕಿನ ಜೋಳದಲ್ಲೂ ಇದೆ. ಆದರೆ ಅಮ್ಮ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತಗೊಳ್ತಿದ್ದರೆ ಗೋಜಿ ಕೊಡಲೇಬೇಡಿ. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಯಾವ ಮಾತ್ರೆ ತಗೊಳ್ತಿದ್ದಾರೆ ಅಂತ ಚೀಟಿ ನೋಡಿ, ಡಾಕ್ಟರ್ ಹತ್ತಿರ ಒಂದು ಮಾತು ಕೇಳಿಯೇ ಶುರು ಮಾಡಿ. ನೇರಳೆ ಬೀಜದ ಪುಡಿ ಕೊಟ್ಟು ಶುಗರ್ ಮಾತ್ರೆ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ, ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ.