ಕೋಡು, ಕೆಲಸ, ಕನ್ನಡ: ನಿಮ್ಮ ಪ್ರಶ್ನೆ, ಡೆವಲಪರ್ ಉತ್ತರ

ಪ್ರಶ್ನೆ: ಸರ್, ನಾನು ಬಿಇ ಮೂರನೇ ವರ್ಷ, ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಈಗ ಎಐನೇ ಕೋಡ್ ಬರೆಯುತ್ತೆ ಅಂತಾರೆ, ಮತ್ತೆ ನಾವು ಜಾವಾ, ಪೈಥಾನ್ ಅಂತ ಕಷ್ಟಪಟ್ಟು ಕಲಿಯೋದು ಯಾಕೆ?
(ಓದುಗ, ದಾವಣಗೆರೆ)

ಉತ್ತರ: ಕಲೀಲೇಬೇಕು. ಎಐ ಬರೆಯುತ್ತೆ, ನಿಜ, ನಮ್ಮ ಟೀಮಲ್ಲೂ ದಿನಾ ಬಳಸ್ತೀವಿ, ಆದ್ರೆ ಅದು ಕೊಟ್ಟಿದ್ದನ್ನ ಓದಿ ಇದು ಸರಿ ಇದು ತಪ್ಪು ಅಂತ ತೀರ್ಮಾನ ಮಾಡೋದು ಮನುಷ್ಯರೇ, ನಾಳೆ ಪ್ರೊಡಕ್ಷನ್ನಲ್ಲಿ, ಅಂದ್ರೆ ಜನ ಬಳಸ್ತಿರೋ ಸಿಸ್ಟಮಲ್ಲಿ, ಏನಾದ್ರೂ ಆದ್ರೆ ಫೋನ್ ಬರೋದೂ ನಮಗೇ. ಕಾಲೇಜಲ್ಲಿ ಬರೆಯೋದು ಕಲಿಸ್ತಾರೆ, ಬೇರೆಯವರ ಕೋಡ್ ಓದೋದನ್ನ ಕಲಿಸಲ್ಲ, ನನಗೆ ಬೇಜಾರಿರೋದು ಅದಕ್ಕೇ. ಪೈಥಾನ್ ಹಾಕ್ಕೊಂಡಾಗ ಅದರ ಜೊತೆ ಬರೋ ಬೈಸೆಕ್ಟ್, ಹೀಪ್‌ಕ್ಯೂ ಅನ್ನೋ ಮಾಡ್ಯೂಲ್‌ಗಳ (ರೆಡಿ ಕೋಡ್) ಫೈಲ್ ನಿಮ್ಮ ಲ್ಯಾಪ್‌ಟಾಪಲ್ಲೇ ಇವೆ, ತೆಗೆದು ನೋಡಿ. ಬೈಸೆಕ್ಟ್ ತುಂಬಾ ಚಿಕ್ಕದು, ಹೀಪ್‌ಕ್ಯೂನಲ್ಲಿ ಕೋಡ್ ಜೊತೆ ಉದ್ದುದ್ದ ಕಾಮೆಂಟಲ್ಲಿ ವಿವರಣೆ ಇದೆ. ಒಂದೊಂದು ಸಾಲು ಏನು ಮಾಡುತ್ತೆ ಅಂತ ಕನ್ನಡದಲ್ಲೇ ನೋಟ್ಸ್ ಮಾಡ್ಕೊಳ್ಳಿ, ಅರ್ಥ ಆಗೋ ಭಾಷೇಲಿ ಅರ್ಥ ಮಾಡ್ಕೊಂಡೋರಿಗೆ ಇಂಟರ್‌ವ್ಯೂನಲ್ಲಿ ಇಂಗ್ಲಿಷಲ್ಲಿ ಹೇಳೋದು ಆಮೇಲೆ ಬಂದೇ ಬರುತ್ತೆ.

ಪ್ರಶ್ನೆ: ಹೊಸ ಕಂಪನಿಗೆ ಸೇರಿದೀನಿ, ಹತ್ತು ವರ್ಷದ ಹಳೇ ಬಿಲ್ಲಿಂಗ್ ಕೋಡ್ ಕೈಗೆ ಕೊಟ್ಟಿದಾರೆ. ಎಲ್ಲಿ ನೋಡಿದ್ರೂ ಇಫ್ ಎಲ್ಸ್, ತಲೆ ಬುಡ ಗೊತ್ತಾಗ್ತಿಲ್ಲ. ಇದನ್ನ ಬಿಸಾಕಿ ಮೊದಲಿಂದ ಬರೆಯೋಣ ಅಂತ ಮ್ಯಾನೇಜರ್‌ಗೆ ಹೇಳಲಾ?
(ಓದುಗರು, ಬೆಂಗಳೂರು)

ಉತ್ತರ: ಈಗಲೇ ಹೇಳ್ಬೇಡಿ, ದಯವಿಟ್ಟು. ನಿಮಗೆ ಕಸದ ಥರ ಕಾಣೋ ಎಷ್ಟೋ ಇಫ್‌ಗಳ ("ಹೀಗಿದ್ರೆ ಹೀಗೆ ಮಾಡು" ಅನ್ನೋ ಸಾಲುಗಳ) ಹಿಂದೆ ಯಾವತ್ತೋ ನಡೆದ ಒಂದು ನಿಜವಾದ ಘಟನೆ ಇರುತ್ತೆ. ಬಿಲ್ಲಿಂಗ್ ಕೋಡಲ್ಲಿ ತಾರೀಕು 2017ರ ಜುಲೈ 1ಕ್ಕಿಂತ ಹಿಂದಿನದಾ ಅಂತ ಚೆಕ್ ಮಾಡೋ ಸಾಲು ಇದ್ದೇ ಇರುತ್ತೆ, ಅವತ್ತು ಜಿಎಸ್‌ಟಿ ಬಂತು, ಅದಕ್ಕೂ ಮುಂಚಿನ ಬಿಲ್ಲಿಗೆ ವ್ಯಾಟ್ ಲೆಕ್ಕ. ಹೊಸಬರಿಗೆ ಇದು ಸತ್ತ ಕೋಡ್ ಅನ್ಸುತ್ತೆ, ಅಳಿಸಿದ ಮೇಲೆ ಯಾರಾದ್ರೂ ಹಳೇ ಬಿಲ್ ತೆಗೆದು ಪ್ರಿಂಟ್ ಹಾಕಿದ್ರೆ ತಪ್ಪು ತೆರಿಗೆ ಬರುತ್ತೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳೇ ಬದಲಾದ್ವಲ್ಲ, ಅವತ್ತು ಕೂಡ ಹಂಗೇ, ಅದಕ್ಕಿಂತ ಮುಂಚೆ ಮಾರಿದ ಮಾಲು ವಾಪಸ್ ಬಂದ್ರೆ ಕ್ರೆಡಿಟ್ ನೋಟ್‌ಗೆ (ಬಿಲ್ ಮೊತ್ತ ಕಮ್ಮಿ ಮಾಡಿ ಕೊಡೋ ಚೀಟಿ) ಹಳೇ ದರನೇ ಹಾಕ್ಬೇಕು, ಹಾಗಾಗಿ ಎರಡೂ ದರ ಕೋಡಲ್ಲಿ ಇರ್ಲೇಬೇಕು. ಹೊರಗಿಂದ ನೋಡಿದ್ರೆ ಗಲೀಜು, ಆದ್ರೆ ಕಾನೂನು ಇರೋದೇ ಹಂಗೆ.

ಮೊದಲು ಗಿಟ್ ಬ್ಲೇಮ್ (ಪ್ರತಿ ಸಾಲು ಯಾರು, ಯಾವಾಗ ಬದಲಿಸಿದ್ರು ಅಂತ ತೋರಿಸೋ ಕಮಾಂಡ್) ಹಾಕಿ, ಆ ಸಾಲು ಯಾವಾಗ, ಯಾವ ಟಿಕೆಟ್‌ಗೋಸ್ಕರ, ಅಂದ್ರೆ ಯಾವ ಕೆಲಸದ ಕೋರಿಕೆಗೋಸ್ಕರ, ಬಂತು ನೋಡಿ. ಟೆಸ್ಟ್ ಇಲ್ಲದಿದ್ರೆ ಈಗ ಅದು ಏನು ಔಟ್‌ಪುಟ್ ಕೊಡ್ತಿದೆಯೋ ಅದನ್ನೇ ಹಿಡಿದಿಡೋ ಟೆಸ್ಟ್ ಬರೀರಿ, ಆಮೇಲೆ ಒಂದೊಂದೇ ಫಂಕ್ಷನ್ ಬಿಡಿಸಿ. ಅಕೌಂಟ್ಸ್ ಡಿಪಾರ್ಟ್‌ಮೆಂಟಲ್ಲಿ ಹಳಬರು ಇರ್ತಾರೆ, ಅವರ ಜೊತೆ ಒಂದು ಟೀ ಕುಡೀರಿ, ಡಾಕ್ಯುಮೆಂಟಲ್ಲಿ ಇಲ್ಲದ ಎಷ್ಟೋ ವಿಷಯ ಅವರಿಗೆ ಗೊತ್ತಿರುತ್ತೆ. ಎಲ್ಲಾ ಬಿಸಾಕಿ ಬರೆಯೋಕೆ ಹೋದವರ ಕತೆ ಬೇಕು ಅಂದ್ರೆ ನೆಟ್‌ಸ್ಕೇಪ್ ಇದೆ: 1997ರಲ್ಲಿ ಬ್ರೌಸರಿನ 4ನೇ ಆವೃತ್ತಿ ಬಂತು, ಮಧ್ಯದಲ್ಲಿ ಹಳೇದನ್ನ ಬಿಟ್ಟು ಹೊಸದಾಗಿ ಬರೆಯೋಕೆ ಕೂತ್ರು, 5 ಬರಲೇ ಇಲ್ಲ, 6 ಬಂದಿದ್ದು 2000ದ ನವೆಂಬರಲ್ಲಿ, ಅಷ್ಟೊತ್ತಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾರ್ಕೆಟ್ ಹಿಡಿದಾಗಿತ್ತು. ಮೊದಲಿಂದ ಬರೆಯೋದು ಯಾವತ್ತೂ ತಪ್ಪು ಅಂತಲ್ಲ, ಹಳೇದನ್ನ ಪೂರ್ತಿ ಓದಿ ಮುಗಿಸಿದ ಮೇಲೂ ಹಂಗೇ ಅನಿಸಿದ್ರೆ ಆಗ ಕೇಳಿ, ನಿಮ್ಮ ಮಾತಿಗೆ ತೂಕನೂ ಇರುತ್ತೆ.

ಪ್ರಶ್ನೆ: ಪ್ರಾಜೆಕ್ಟ್ ಲೇಟ್ ಆಗಿದೆ ಅಂತ ಐದು ಜನರ ಟೀಮಿಗೆ ಇನ್ನೂ ಐದು ಜನ ಹಾಕಿದಾರೆ. ಈಗ ಇನ್ನೂ ಲೇಟ್. ಯಾಕೆ ಹಿಂಗೆ?
(ಓದುಗರು, ಮೈಸೂರು)

ಉತ್ತರ: ಐದು ಜನ ಇದ್ದಾಗ ಒಬ್ಬರಿಗೊಬ್ಬರು ಮಾತಾಡೋ ಜೋಡಿ 10, ಹತ್ತು ಜನ ಆದ್ರೆ 45. ಹೊಸಬರಿಗೆ ಕೋಡ್ ಅರ್ಥ ಮಾಡಿಸೋಕೆ ಕೂರೋರು ಹಳಬರೇ, ಅವರ ಕೆಲಸ ಅಲ್ಲಿಗೆ ನಿಂತ್ಹೋಯ್ತು. ಐಬಿಎಂನಲ್ಲಿ ಓಎಸ್/360 ಅನ್ನೋ ಆಪರೇಟಿಂಗ್ ಸಿಸ್ಟಮ್ ಮಾಡಿಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದನ್ನ ಬರೆದಿಟ್ಟಿದಾರೆ. ಬಂದ ಐದು ಜನರನ್ನ ಟೆಸ್ಟಿಂಗ್ ಥರದ ಪ್ರತ್ಯೇಕ ಕೆಲಸಕ್ಕೆ ಹಾಕೋಕೆ ಆಗುತ್ತಾ ಅಂತ ಕೇಳಿ ನೋಡಿ.

ಪ್ರಶ್ನೆ: ನನ್ನ ಮಗ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡ್ತಾನೆ. ರಾತ್ರಿ ಊಟದ ಹೊತ್ತಿಗೇ ಮೀಟಿಂಗ್, ನಡುರಾತ್ರಿ ಫೋನ್. ಹೇಳಿದ್ರೆ ಸಿಟ್ಟು ಮಾಡ್ತಾನೆ.
(ತಾಯಿ, ಸಾಗರ)

ಉತ್ತರ: ಅಮ್ಮಾ, ನ್ಯೂಯಾರ್ಕಲ್ಲಿ ಬೆಳಗ್ಗೆ 11 ಗಂಟೆ ಅಂದ್ರೆ ನಮ್ಮಲ್ಲಿ ಚಳಿಗಾಲದಲ್ಲಿ ರಾತ್ರಿ ಒಂಬತ್ತೂವರೆ, ಅವರು ಮಾರ್ಚಲ್ಲಿ ಗಡಿಯಾರ ಮುಂದೆ ಮಾಡಿದ್ಮೇಲೆ ಎಂಟೂವರೆ, ಹಾಗಾಗಿ ಊಟಕ್ಕೇ ಬಂದು ಕೂರುತ್ತೆ. ನಡುರಾತ್ರಿ ಫೋನ್ ಬರೋದು ಆನ್‌ಕಾಲ್ ಇರ್ಬೇಕು, ಸಿಸ್ಟಮ್ ಕೆಟ್ಟರೆ ಎದ್ದು ನೋಡೋ ಪಾಳಿ. ಪಾಳಿ ಅಂದ್ರೆ ಸರದಿ ಬದಲಾಗ್ಬೇಕು, ಪ್ರತಿ ವಾರ ಇವನೇ ಏಳ್ತಿದ್ರೆ ಅದು ತಪ್ಪು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸಾಮಾನ್ಯ ಕೆಲಸಕ್ಕೆ ದಿನಕ್ಕೆ 9, ವಾರಕ್ಕೆ 48 ಗಂಟೆ ಅಂತ ಮಿತಿ ಇಟ್ಟಿದೆ, 2024ರಲ್ಲಿ ಐಟಿಯವರಿಗೆ ಇದನ್ನ ಜಾಸ್ತಿ ಮಾಡೋ ಮಾತು ಬಂದಾಗ ನೌಕರರ ಸಂಘದವರು ಬೀದಿಗಿಳಿದಿದ್ರು, ಇಳಿದಿದ್ದು ಸರಿನೇ. "ಯಾಕೋ ಮಲಗಲ್ಲ" ಅನ್ನೋ ಬದಲು "ಈ ವಾರ ನಿನ್ನ ಸರದಿನಾ, ಮುಂದಿನ ವಾರ ಯಾರ್ದು" ಅಂತ ಕೇಳಿ ನೋಡಿ. ಉತ್ತರ ಇಲ್ಲದಿದ್ರೆ ಅವನೇ ಆಫೀಸಲ್ಲಿ ಕೇಳ್ತಾನೆ.

ಪ್ರಶ್ನೆ: ನಮ್ಮ ಆ್ಯಪಲ್ಲಿ ಹೆಸರಿಗೆ 20 ಅಕ್ಷರ ಲಿಮಿಟ್. ಇಂಗ್ಲಿಷಲ್ಲಿ ಆರಾಮಾಗಿ ಹಿಡಿಯುತ್ತೆ, ಕನ್ನಡದಲ್ಲಿ "ಲಕ್ಷ್ಮೀ" ಅಂತ ಹಾಕಿದ್ರೂ ಎರರ್!
(ಓದುಗರು, ಹುಬ್ಬಳ್ಳಿ)

ಉತ್ತರ: ಈ ಪ್ರಶ್ನೆ ಕಳಿಸಿದ್ದಕ್ಕೆ ತುಂಬಾ ಖುಷಿಯಾಯ್ತು. ಕಣ್ಣಿಗೆ ಲಕ್ಷ್ಮೀ ಎರಡೇ ಅಕ್ಷರ. ಯೂನಿಕೋಡಲ್ಲಿ (ಎಲ್ಲಾ ಭಾಷೆಯ ಅಕ್ಷರಕ್ಕೂ ಒಂದೊಂದು ಕೋಡ್ ಕೊಡೋ ಪದ್ಧತಿ) ಲ, ಕ, ವಿರಾಮ (ಒತ್ತಕ್ಷರ ಕೂಡಿಸೋ ಚಿಹ್ನೆ), ಷ, ವಿರಾಮ, ಮ, ದೀರ್ಘ ಈಕಾರದ ಚಿಹ್ನೆ, ಒಟ್ಟು 7 ಕೋಡ್. ಆ ಕೋಡ್‌ಗಳನ್ನ ಬೈಟ್‌ಗಳಾಗಿ ಇಡೋ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್, ಅಂದ್ರೆ 21 ಬೈಟ್. ನಿಮ್ಮದು ಒರಾಕಲ್ ಡೇಟಾಬೇಸ್ ಆಗಿದ್ರೆ ಅಲ್ಲಿ ವರ್‌ಚಾರ್2 ಕಾಲಂಗೆ (ಪಠ್ಯ ಇಡೋ ಕಾಲಂ) 20 ಅಂತ ಕೊಟ್ರೆ ಡಿಫಾಲ್ಟಾಗಿ ಅದು 20 ಬೈಟ್, ಲಕ್ಷ್ಮೀ ಒಂದು ಬೈಟಿಂದ ಹೊರಗೆ ಉಳೀತಾಳೆ. ಅಳತೆ ಬೈಟ್ ಅಲ್ಲ, ಚಾರ್ (ಕೋಡ್ ಲೆಕ್ಕ) ಅಂತ ಬರೆದು ಕೊಡಿ, ಜೊತೆಗೆ ಲಿಮಿಟ್ಟೂ ಧಾರಾಳವಾಗಿ ಇಡಿ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್‌ನಲ್ಲಿ ವರ್‌ಚಾರ್ ಬೈಟ್ ಎಣಿಸಲ್ಲ, ಆದ್ರೂ ಅಲ್ಲಿ ಲಕ್ಷ್ಮೀ 7 ಅನ್ನೋದು ನೆನಪಿರ್ಲಿ.

ಇನ್ನೊಂದು, "ಕೋ" ಅನ್ನೋದನ್ನ ಕಂಪ್ಯೂಟರ್ 2 ಕೋಡಲ್ಲೂ ಇಡಬಹುದು, 4 ಕೋಡಲ್ಲೂ ಇಡಬಹುದು, ನೋಡೋಕೆ ಎರಡೂ ಒಂದೇ, ಸರ್ಚ್ ಮಾಡಿದ್ರೆ ಮಾತ್ರ ಸಿಗಲ್ಲ. ಹಾಗಾಗಿ ಸೇವ್ ಮಾಡೋ ಮುಂಚೆ ಎನ್‌ಎಫ್‌ಸಿ ನಾರ್ಮಲೈಸೇಶನ್, ಅಂದ್ರೆ ಎಲ್ಲವನ್ನೂ ಒಂದೇ ರೂಪಕ್ಕೆ ತರೋದು, ಮಾಡ್ಲೇಬೇಕು. ಎಸ್ಸೆಮ್ಮೆಸ್ ಕಳಿಸ್ತೀರಾ ಅಂದ್ರೆ ಇಂಗ್ಲಿಷಿಗೆ 160 ಇರೋ ಮಿತಿ ಕನ್ನಡಕ್ಕೆ 70, ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ. ಟೆಸ್ಟ್ ಮಾಡೋಕೆ "ರಮ" ಸಾಲಲ್ಲ, ಲಕ್ಷ್ಮೀ, ಜ್ಯೋತ್ಸ್ನಾ, ಕೃಷ್ಣಮೂರ್ತಿ ಹಾಕಿ. ಒಬ್ಬ ಹೆಂಗಸು ತನ್ನ ಹೆಸರನ್ನ ತನ್ನ ಭಾಷೇಲಿ ಬರೆದಾಗ ಫಾರ್ಮ್ ಅದನ್ನ ತಪ್ಪು ಅನ್ನಬಾರದು, ಇದನ್ನ ಸರಿ ಮಾಡೋ ಟಿಕೆಟ್‌ಗೆ "ಲೋ ಪ್ರಯಾರಿಟಿ" ಅಂತ ಹಾಕೋಕೆ ಬಂದ್ರೆ ನೀವು ಒಪ್ಪಬೇಡಿ.