ಬೆಳ್ಳಿ ಮುರುಡೇಶ್ವರಕ್ಕೆ ಬರಲಿ, ದೋಣಿಗೆ ಬೇಡ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾನು ತುಮಕೂರಿನವಳು, ವಯಸ್ಸು 34. ಚಿಕ್ಕಂದಿನಿಂದ ಕಿವಿ ಕೇಳುವುದಿಲ್ಲ. ತುಟಿ ನೋಡಿ ಮಾತು ತಿಳಿಯುತ್ತೇನೆ, ಸನ್ನೆ ಭಾಷೆಯೂ ಬರುತ್ತದೆ. ನನ್ನ ಲ್ಯಾಬ್ರಡಾರ್ ನಾಯಿ ಬೆಳ್ಳಿಗೆ ತರಬೇತಿ ಕೊಡಿಸಿದ್ದೇನೆ. ಕಾಲಿಂಗ್ ಬೆಲ್ ಆದರೆ, ಕುಕ್ಕರ್ ಕೂಗಿದರೆ, ಅಲಾರಂ ಹೊಡೆದರೆ ಮೂಗಿನಿಂದ ತಿವಿದು ಕರೆದುಕೊಂಡು ಹೋಗುತ್ತಾಳೆ. ಮುರುಡೇಶ್ವರದ ಹತ್ತಿರ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಬೇಕೆಂದು ತುಂಬಾ ಆಸೆ. ತೋಟದ ಬಾವಿಯಲ್ಲಿ ಈಜು ಕಲಿತಿದ್ದೇನೆ. ತಮ್ಮನೂ ಬರುತ್ತಾನೆ. ಬೆಳ್ಳಿಯನ್ನು ದೋಣಿಯಲ್ಲಿ ಕರೆದುಕೊಂಡು ಹೋಗಬಹುದೇ? ಒಂದು ಡೈವಿಂಗ್ ಕಂಪನಿಯವರಿಗೆ ಮೆಸೇಜ್ ಮಾಡಿದರೆ ‘ನಾಯಿಯೂ ಬೇಡ, ಕಿವಿ ಕೇಳದವರೂ ಬೇಡ’ ಎಂದುಬಿಟ್ಟರು. ಮನೆಯಲ್ಲಿ ಅತ್ತೆ ‘ಕಿವಿ ಕೇಳದವಳಿಗೆ ಸಮುದ್ರದೊಳಗೆ ಏನು ಕೆಲಸ’ ಎನ್ನುತ್ತಾರೆ. ನೀವೇನು ಹೇಳುತ್ತೀರಿ? ಹೆಸರು ಹಾಕಬೇಡಿ.

ಸಂಪಾದಕರ ಉತ್ತರ

ಸಹೋದರಿ, ಹೋಗಿ ಬನ್ನಿ. ಬೆಳ್ಳಿಯೂ ಮುರುಡೇಶ್ವರದವರೆಗೆ ಬರಲಿ. ದೋಣಿಗೆ ಮಾತ್ರ ಬೇಡ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ನಿಮ್ಮ ಅತ್ತೆಯವರ ಮಾತು. ಅವರ ಭಯ ಅರ್ಥವಾಗುತ್ತದೆ. ಆದರೆ ನೀರಿನೊಳಗೆ ಕಿವಿಗೆ ಇರುವ ಕೆಲಸವೇ ಕಡಿಮೆ. ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿಕೊಂಡಿರುವಾಗ ಯಾರೂ ಮಾತನಾಡಲಾರರು. ಗಾಳಿಗಿಂತ ನೀರಿನಲ್ಲಿ ಶಬ್ದ ನಾಲ್ಕು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಹೋಗುತ್ತದೆ. ಹಾಗಾಗಿ ಚೆನ್ನಾಗಿ ಕಿವಿ ಕೇಳುವವರಿಗೂ ದೋಣಿಯ ಸದ್ದು ಯಾವ ಕಡೆಯಿಂದ ಬಂತು ಎಂದು ತಿಳಿಯುವುದಿಲ್ಲ. ಅಲ್ಲಿ ನಡೆಯುವುದೆಲ್ಲ ಕೈಸನ್ನೆಯಲ್ಲೇ. ಉಳಿದವರು ಹತ್ತೋ ಹದಿನೈದೋ ಸನ್ನೆ ಬಾಯಿಪಾಠ ಮಾಡಿಕೊಂಡು ಇಳಿಯುತ್ತಾರೆ. ನೀವು ಕೈಯಲ್ಲೇ ಇಡೀ ಕಥೆ ಹೇಳಬಲ್ಲಿರಿ. ತಮ್ಮನಿಗೂ ಸನ್ನೆ ಭಾಷೆ ಬರುವುದಾದರೆ ನಿಮ್ಮಿಬ್ಬರಷ್ಟು ಮಾತು ಆ ಕಡಲಡಿಯಲ್ಲಿ ಬೇರೆ ಯಾರೂ ಆಡಲಾರರು. ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ಹೇಳಿ.

ಡೈವಿಂಗ್‌ನವರ ಒಂದು ಸನ್ನೆ ಬಗ್ಗೆ ಮಾತ್ರ ಎಚ್ಚರ. ಹೆಬ್ಬೆರಳು ಮೇಲೆತ್ತಿದರೆ ನಮಗೆ ‘ಚೆನ್ನಾಗಿದೆ’. ಅವರಿಗೆ ಅದು ‘ಮೇಲೆ ಹೋಗೋಣ’. ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು. ಕೈ ಅಭ್ಯಾಸವಾಗಿ ತಪ್ಪು ಸನ್ನೆ ಮಾಡಿದರೆ ನಿಮ್ಮನ್ನು ಅರ್ಧಕ್ಕೇ ಮೇಲೆ ತಂದುಬಿಡುತ್ತಾರೆ.

ಇನ್ನು ಆ ಕಂಪನಿಯ ಉತ್ತರ. ನನಗೆ ಸಿಟ್ಟು ಬಂತು. ‘ನಿಮ್ಮ ಕಿವಿಗೆ ಏನಾಗಿದೆ, ಡಾಕ್ಟರ್ ಏನು ಹೇಳಿದ್ದಾರೆ’ ಎಂದು ಕೇಳಿದ್ದರೆ ಅದು ಜವಾಬ್ದಾರಿ. ಏನೂ ಕೇಳದೆ ‘ಬೇಡ’ ಎನ್ನುವುದು ತಪ್ಪು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 3ನೇ ಕಲಂ ಇಂತಹ ತಾರತಮ್ಯವನ್ನು ಒಪ್ಪುವುದಿಲ್ಲ. ಹಾಗೆ ಮಾಡಲು ತಕ್ಕ ಕಾರಣವಿದ್ದರೆ ಅದನ್ನು ತೋರಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಹ್ಯಾಂಡಿಕ್ಯಾಪ್ಡ್ ಸ್ಕೂಬಾ ಅಸೋಸಿಯೇಷನ್’ ಶುರುವಾಗಿದ್ದು 1981ರಲ್ಲಿ. ಯಾರಿಗೆ ಒಬ್ಬ ಜೊತೆಗಾರ ಸಾಕು, ಯಾರಿಗೆ ಇಬ್ಬರು ಬೇಕು ಎಂದು ನೋಡಿ ಇಳಿಸುವ ಪದ್ಧತಿ ಅವರದು. ಕಾಲಿಗೆ ಸ್ವಾಧೀನ ಇಲ್ಲದವರು, ಕಣ್ಣು ಕಾಣದವರು ಕೂಡ ಹೀಗೆ ಮುಳುಗಿ ಬರುತ್ತಿದ್ದಾರೆ. ನೀವು ಬೇರೆ ಕಂಪನಿಯನ್ನು ಕೇಳಿ.

ಆದರೆ ಮುಂಗಡ ಕಟ್ಟುವ ಮೊದಲು ಇಎನ್‌ಟಿ ಡಾಕ್ಟರ ಹತ್ತಿರ ಹೋಗಲೇಬೇಕು. ನಿಮಗೆ ಕಿವಿ ಕೇಳದಿರುವುದಕ್ಕೆ ಕಾರಣ ಏನು ಎಂಬುದರ ಮೇಲೆ ಎಲ್ಲ ನಿಂತಿದೆ. ನರದ ದೋಷವಾಗಿದ್ದು ಕಿವಿಯ ತಮಟೆ ಸರಿಯಿದ್ದರೆ ಡಾಕ್ಟರು ಒಪ್ಪಬಹುದು. ತಮಟೆ ತೂತಾಗಿದ್ದರೆ, ಕಿವಿ ಸೋರುತ್ತಿದ್ದರೆ ಇಳಿಯುವ ಹಾಗೇ ಇಲ್ಲ. ಕಿವಿಯ ಆಪರೇಷನ್ ಆಗಿದ್ದರೆ, ಆಗಾಗ ತಲೆ ಸುತ್ತು ಬರುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ನೀರಿನಡಿ ತಲೆ ಸುತ್ತಿದರೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ. ಆಪರೇಷನ್ ಮಾಡಿ ಒಳಗಿವಿಗೆ ಕೂಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಎಷ್ಟು ಆಳದವರೆಗೆ ಹೋಗಬಹುದು ಎಂದು ಅದನ್ನು ತಯಾರಿಸಿದವರೇ ಹೇಳಿರುತ್ತಾರೆ. ಹಿಯರಿಂಗ್ ಏಡ್ ಇದ್ದರೆ ದಡದಲ್ಲೇ ತೆಗೆದಿಡಿ.

ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು ಇರುತ್ತದೆ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳುತ್ತಲೇ ಇರಬೇಕು. ನೋವು ಬಂದ ಮೇಲೆ ಊದುವುದಲ್ಲ, ಬರುವ ಮೊದಲೇ. ಜೋರಾಗಿ ಊದಿದರೆ ಒಳಗಿವಿಗೆ ಪೆಟ್ಟಾಗುತ್ತದೆ. ನಿಮಗೆ ಅಲ್ಪಸ್ವಲ್ಪ ಕೇಳುವ ಶಕ್ತಿ ಉಳಿದಿದ್ದರೆ ಅದೂ ಹೋಗಬಹುದು. ಕಿವಿಯ ಒತ್ತಡ ಸರಿಹೋಗದಿದ್ದರೆ ಕಿವಿ ತೋರಿಸಿ ಸನ್ನೆ ಮಾಡಿ, ಮೇಲೆ ಬನ್ನಿ. ದುಡ್ಡು ಕಟ್ಟಿದ್ದೀವಿ ಎಂದು ಹಟ ಹಿಡಿಯಬೇಡಿ.

ನೀವು ಬಾವಿಯಲ್ಲಿ ಈಜು ಕಲಿತವರು. ನಮ್ಮ ಕಡೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಹಾರಿ ಕಲಿತವರೇ ಜಾಸ್ತಿ. ಅಲ್ಲಿ ನಾವು ಕಲಿಯುವ ಮೊದಲ ಪಾಠ ಉಸಿರು ಕಟ್ಟುವುದು. ಸ್ಕೂಬಾದಲ್ಲಿ ಅದನ್ನು ಪೂರ್ತಿ ಮರೆಯಬೇಕು. ಹತ್ತು ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಕಟ್ಟಿ ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು. ಉಸಿರಾಡುತ್ತಲೇ ಇರಿ, ನಿಧಾನವಾಗಿ ಮೇಲೆ ಬನ್ನಿ.

ನಿಮಗೆ ನಿಜವಾಗಿ ತೊಂದರೆ ಆಗುವ ಜಾಗ ನೀರಿನಡಿ ಅಲ್ಲ, ದೋಣಿ. ನೇತ್ರಾಣಿ ತೀರದಿಂದ ಹತ್ತಿರ ಹತ್ತಿರ 20 ಕಿ.ಮೀ. ದೂರ. ದೋಣಿಯಲ್ಲಿ ಒಂದು ಗಂಟೆಗೂ ಜಾಸ್ತಿ ಹಿಡಿಯಬಹುದು. ಹೋಗುವಾಗ ಹೇಳಬೇಕಾದ್ದನ್ನೆಲ್ಲ ಕಲಿಸುವವರು ಆ ಕಡೆ ಈ ಕಡೆ ತಿರುಗಿಕೊಂಡು, ಸಿಲಿಂಡರ್ ಜೋಡಿಸುತ್ತಾ ಹೇಳುತ್ತಾರೆ. ಮಾಸ್ಕ್ ಹಾಕಿಕೊಂಡರೆ ಮುಖವೇ ಕಾಣುವುದಿಲ್ಲ. ತುಟಿ ಓದುವುದನ್ನು ನಂಬಿ ದೋಣಿ ಹತ್ತಬೇಡಿ. ಎಲ್ಲವನ್ನೂ ಹಿಂದಿನ ದಿನವೇ ಬರೆದು ಕೊಡಿ ಎಂದು ಕೇಳಿ. ನಿಮ್ಮನ್ನು ಇಳಿಸುವವರ ಜೊತೆ ದಡದಲ್ಲಿ ಕೂತು ಸನ್ನೆಗಳನ್ನು ಒಂದೊಂದಾಗಿ ಮಾಡಿ ನೋಡಿ. ನೀರಿನಡಿ ಬರೆಯುವ ಪ್ಲಾಸ್ಟಿಕ್ ಸ್ಲೇಟ್ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಮೇಲೆ ಬಂದಾಗ ದೋಣಿಯವರ ಸೀಟಿ, ಕೂಗು ನಿಮಗೆ ಕೇಳುವುದಿಲ್ಲ. ಅದಕ್ಕೆ ಬದಲು ಬಾವುಟವನ್ನೋ ಬಣ್ಣದ ಟವೆಲನ್ನೋ ಬೀಸುವಂತೆ ಹೇಳಿಡಿ. ನೀರು ಕದಡಿದ ದಿನ ಬೇಡವೇ ಬೇಡ. ನಿಮಗೆ ಕಣ್ಣೇ ಎಲ್ಲ. ಮಳೆಗಾಲದಲ್ಲಿ ಹೇಗೂ ಡೈವಿಂಗ್ ಇರುವುದಿಲ್ಲ.

ಡೈವಿಂಗ್ ಸರ್ಟಿಫಿಕೇಟ್ ಇಲ್ಲದವರನ್ನು ಕಲಿಸುವವರು ಕೈ ಹಿಡಿದೇ ಇಳಿಸುತ್ತಾರೆ, 12 ಮೀಟರ್ ದಾಟುವುದಿಲ್ಲ. ಗಿಳಿಮೀನು, ಚಿಟ್ಟೆಮೀನು, ಹವಳ ನೋಡಲು ಅಷ್ಟು ಆಳ ಸಾಕು.

ಈಗ ಬೆಳ್ಳಿ. ದೋಣಿಯಲ್ಲಿ ಅವಳಿಗೆ ಮಾಡಲು ಏನೂ ಕೆಲಸವಿಲ್ಲ. ಅಲ್ಲಿ ಬೆಲ್ ಇಲ್ಲ, ಕುಕ್ಕರ್ ಇಲ್ಲ. ಇರುವುದು ಬಿಸಿಲು, ಜಾರುವ ಹಲಗೆ, ಭಾರದ ಸಿಲಿಂಡರ್‌ಗಳು, ಹಿಂದೆ ತಿರುಗುವ ಪ್ರೊಪೆಲ್ಲರ್. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದು ಮುಖ್ಯವಾಗಿ ತೇಕುತ್ತಾ. ನೆರಳಿಲ್ಲದ ಕಡೆ ಬೇಗ ಬಿಸಿ ಹೊಡೆಯುತ್ತದೆ. ಬಾಯಾರಿ ಉಪ್ಪುನೀರು ಕುಡಿದರೆ ವಾಂತಿ ಭೇದಿ ಗ್ಯಾರಂಟಿ. ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದು. ನೀವು ಬೆನ್ನು ಹಿಂದೆ ಮಾಡಿ ನೀರಿಗೆ ಬಿದ್ದು ಮುಳುಗಿದ್ದನ್ನು ಬೆಳ್ಳಿ ನೋಡುತ್ತಾಳೆ. ನಿಮ್ಮನ್ನೇ ನೋಡಿಕೊಳ್ಳಲು ಕಲಿತ ಪ್ರಾಣಿ ಅದು. ಹಿಂದೆಯೇ ಹಾರಿದರೆ ಅವಳ ತಪ್ಪೇನಿಲ್ಲ. ಹಾರದಂತೆ ಕಟ್ಟಿಹಾಕಿದರೆ ನೀವು ಬರುವವರೆಗೂ ಅವಳು ಪಡುವ ಸಂಕಟ ಯಾರಿಗೆ ಬೇಕು? ಫೋಟೋ ಚೆನ್ನಾಗಿ ಬರುತ್ತದೆ ಎಂದು ಕೆಲವರು ನಾಯಿಯನ್ನು ದೋಣಿಗೆ ಹತ್ತಿಸುತ್ತಾರೆ. ನೀವು ಅಂಥವರಲ್ಲ, ಅಲ್ವಾ?

ಅವಳ ಕೆಲಸ ಇರುವುದು ಲಾಡ್ಜ್‌ನಲ್ಲಿ. ಹೊಸ ಊರು, ಹೊಸ ರೂಮು, ರಾತ್ರಿ. ಬಾಗಿಲು ಬಡಿದರೆ, ಬೆಂಕಿಯ ಅಲಾರಂ ಹೊಡೆದರೆ ನಿಮಗೆ ತಿಳಿಸುವವಳು ಅವಳು. ಅದಕ್ಕೇ ಮುರುಡೇಶ್ವರದವರೆಗೆ ಬರಲಿ ಎಂದೆ. ಆದರೆ ಲಾಡ್ಜ್‌ನ ಬೆಲ್ ಸದ್ದು ಅವಳಿಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಬಳಸುವಂಥದ್ದೇ ವೈರ್‌ಲೆಸ್ ಬೆಲ್ ಒಯ್ದು ರೂಮಿನ ಬಾಗಿಲಿಗೆ ಅಂಟಿಸಿ. ಅಲಾರಂ ಗಡಿಯಾರವೂ ಮನೆಯದ್ದೇ ಇರಲಿ. ಹೋದ ದಿನ ಸಂಜೆ ತಮ್ಮನಿಂದ ನಾಲ್ಕಾರು ಸಲ ಬೆಲ್ ಒತ್ತಿಸಿ, ಅವಳು ಬಂದು ತಿವಿದಾಗ ತಿಂಡಿ ಕೊಡಿ. ಮಾರನೆಯ ದಿನಕ್ಕೆ ಅವಳಿಗೆ ಆ ರೂಮು ತನ್ನದಾಗಿರುತ್ತದೆ.

ಲಾಡ್ಜ್‌ನವರಿಗೆ ಬುಕಿಂಗ್ ಮಾಡುವಾಗಲೇ ಬರೆದು ತಿಳಿಸಿ, ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆಯಡಿ ಹೋಟೆಲ್‌ನವರು ಇಂತಹ ನಾಯಿಯ ಬಗ್ಗೆ ಎರಡೇ ಪ್ರಶ್ನೆ ಕೇಳಬಹುದು. ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ? ಅದು ಯಾವ ಕೆಲಸ ಕಲಿತಿದೆ? ನೀವು ಈ ಎರಡಕ್ಕೂ ಕನ್ನಡದಲ್ಲಿ ಒಂದು ಚೀಟಿಯಲ್ಲಿ ಉತ್ತರ ಬರೆದಿಟ್ಟುಕೊಳ್ಳಿ. ‘ಸಾಕಿದ ನಾಯಿ’ ಎಂದಷ್ಟೇ ಹೇಳಿದರೆ ಬೇಡ ಎನ್ನುವವರು, ‘ನನಗೆ ಕಿವಿ ಕೇಳುವುದಿಲ್ಲ, ಬಾಗಿಲು ಬಡಿದರೆ ತಿಳಿಸುವುದು ಇವಳೇ’ ಎಂದು ಓದಿದರೆ ಯೋಚಿಸುತ್ತಾರೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ರೇಬೀಸ್ ಲಸಿಕೆಯ ಪುಸ್ತಕ ಜೊತೆಗಿರಲಿ.

ನೀವು ದೋಣಿಯಲ್ಲಿರುವಾಗ ಬೆಳ್ಳಿ ಯಾರ ಹತ್ತಿರ? ಇದನ್ನು ನೀವು ಪತ್ರದಲ್ಲಿ ಬರೆದಿಲ್ಲ. ತಮ್ಮನೂ ನೀರಿಗಿಳಿಯುವುದಾದರೆ ಮೂರನೆಯವರೊಬ್ಬರು ಬೇಕು. ಇಲ್ಲವೇ ಒಂದು ದಿನ ನೀವು, ಇನ್ನೊಂದು ದಿನ ತಮ್ಮ. ರೂಮಿನಲ್ಲಿ ಒಂಟಿಯಾಗಿ ಕೂಡಿಹಾಕುವುದು, ಲಾಡ್ಜ್ ಹುಡುಗನ ಕೈಗೆ ಕೊಡುವುದು ಬೇಡ. ಈಗಿನಿಂದಲೇ ತುಮಕೂರಿನಲ್ಲಿ ಅರ್ಧ ದಿನ ಅವಳನ್ನು ತಮ್ಮನ ಹತ್ತಿರ ಬಿಟ್ಟು ರೂಢಿ ಮಾಡಿಸಿ. ಬಿಸಿಲೇರಿದ ಮೇಲೆ ಮರಳಿಗೆ ಇಳಿಸಬೇಡಿ, ಪಾದ ಸುಡುತ್ತದೆ. ಬೀಚಿನ ಬೀದಿನಾಯಿಗಳ ಬಗ್ಗೆಯೂ ಗಮನವಿರಲಿ. ಬಲೆಯಿಂದ ಬಿಸಾಡಿದ ಮೀನಿಗೆ ಬಾಯಿ ಹಾಕಲು ಬಿಡಲೇಬೇಡಿ. ಅದರಲ್ಲಿ ಹೊಟ್ಟೆ ಉಬ್ಬಿಸಿಕೊಳ್ಳುವ ಪಫರ್ ಮೀನು ಇದ್ದರೆ ಅದರ ವಿಷಕ್ಕೆ ನಾಯಿ ಸಾಯಬಹುದು.

ಮುಂದೆಂದಾದರೂ ಲಕ್ಷದ್ವೀಪವೋ ಮಾಲ್ಡೀವ್ಸೋ ಮನಸ್ಸಿಗೆ ಬಂದರೆ ಬೆಳ್ಳಿ ಇಲ್ಲದೆಯೇ ಹೋಗಬೇಕು. ಎರಡೂ ಕಡೆ ನಾಯಿ ಒಯ್ಯಲು ಬಿಡುವುದಿಲ್ಲ.

ಪ್ರಯಾಣಕ್ಕೆ ಕಾರೇ ಒಳ್ಳೆಯದು. ರೈಲಿನಲ್ಲಾದರೆ ಫಸ್ಟ್ ಎಸಿಯ ಇಡೀ ಕೋಣೆ (ಕೂಪೆ) ಬುಕ್ ಮಾಡಬೇಕು, ಇಲ್ಲದಿದ್ದರೆ ನಾಯಿ ಗಾರ್ಡ್ ಇರುವ ಬ್ರೇಕ್ ವ್ಯಾನಿನ ಪೆಟ್ಟಿಗೆಗೆ ಹೋಗುತ್ತದೆ. ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ, ಹೊನ್ನಾವರದ ದಾರಿ ಸುಮಾರು 400 ಕಿ.ಮೀ. ಸಾಗರ ದಾಟಿದ ಮೇಲೆ ಕಾಡಿನ ಪಕ್ಕ ಬೆಳ್ಳಿಯನ್ನು ಇಳಿಸಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಹರಡುವುದು ರಕ್ತ ಹೀರುವ ಉಣ್ಣೆ ಹುಳದಿಂದ. ಉಣ್ಣೆಯ ಕಾಟ ಜಾಸ್ತಿ ಇರುವುದೂ ಡೈವಿಂಗ್ ನಡೆಯುವ ಬೇಸಿಗೆಯ ತಿಂಗಳುಗಳಲ್ಲೇ. ಹೊರಡುವ ಮೊದಲು ಪಶುವೈದ್ಯರಿಂದ ಉಣ್ಣೆಯ ಔಷಧಿ ಹಾಕಿಸಿ. ನಿಲ್ಲುವುದಿದ್ದರೆ ಊರೊಳಗೆ, ಪೆಟ್ರೋಲ್ ಬಂಕ್ ಹತ್ತಿರ ನಿಲ್ಲಿ.

ವಾಪಸ್ ಬರುವಾಗ ಅವಸರ ಮಾಡಬೇಡಿ. ಮುಳುಗಿದಾಗ ಮೈಯಲ್ಲಿ ಸೇರಿದ ಸಾರಜನಕ ಹೊರಹೋಗಲು ಹೊತ್ತು ಬೇಕು. ಅದಕ್ಕೂ ಮೊದಲೇ ಎತ್ತರಕ್ಕೆ ಹೋದರೆ ಅದು ಮೈಯೊಳಗೇ ಗುಳ್ಳೆಯಾಗಿ ತೊಂದರೆ ಕೊಡಬಹುದು. ವಿಮಾನ ಹತ್ತುವವರಿಗೆ ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಿರಿ ಎನ್ನುತ್ತಾರೆ. ಘಾಟಿ ಹತ್ತುವುದು ವಿಮಾನದಷ್ಟು ಎತ್ತರವಲ್ಲ, ನಿಜ. ಆದರೂ ನಮ್ಮ ತುಮಕೂರು ಸಮುದ್ರಕ್ಕಿಂತ 800 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಡೈವಿಂಗ್ ಮುಗಿಸಿದ ರಾತ್ರಿ ಮುರುಡೇಶ್ವರದಲ್ಲೇ ಮಲಗಿ, ಬೆಳಗ್ಗೆ ತಿಂಡಿ ತಿಂದು ಹೊರಡಿ. ಕಾರು ಹತ್ತುವ ಮೊದಲು ಬೆಳ್ಳಿಗೆ ಸಿಹಿನೀರಿನ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣೆ ಇದೆಯಾ ನೋಡಿ.