ಮ್ಯಾಕ್ ಅಡ್ರೆಸ್ ಸರಿಯಾಗಿಯೇ ಕೊಟ್ಟೆ, ನೆಟ್ ಯಾಕೆ ಬರುವುದಿಲ್ಲ?

ಪ್ರಶ್ನೆ: ಮಣಿಪಾಲದಲ್ಲಿ ಪಿಜಿಯಲ್ಲಿದ್ದೇನೆ. ವೈಫೈಗೆ ಸೇರಿಸಲು ಫೋನ್ ಮತ್ತು ಲ್ಯಾಪ್‌ಟಾಪ್‌ನ ಮ್ಯಾಕ್ ಅಡ್ರೆಸ್ ಕೇಳಿದರು. ಫೋನಿನದ್ದನ್ನು ‘ಅಬೌಟ್ ಫೋನ್’ನಲ್ಲಿ ನೋಡಿ ಕೊಟ್ಟೆ. ತಾಳೆ ನೋಡಿದರೆ ನಂಬರ್ ಸರಿಯೇ ಉಂಟು, ಆದರೂ ಕನೆಕ್ಟ್ ಆಗುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ನಾಲ್ಕೈದು ನಂಬರ್ ಕಾಣುತ್ತದೆ. ಯಾವುದು ಕೊಡಬೇಕು?

ಉತ್ತರ: ಮ್ಯಾಕ್ ಅಡ್ರೆಸ್ ಎಂದರೆ ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ನಂಬರ್. ನೀವು ಕೊಟ್ಟ ನಂಬರ್ ಸರಿ. ಆದರೆ ಫೋನ್ ಆ ವೈಫೈಗೆ ತೋರಿಸುತ್ತಿರುವುದು ಬೇರೆ ನಂಬರನ್ನು. ಆಂಡ್ರಾಯ್ಡ್ 10 ಮತ್ತು ಐಒಎಸ್ 14 ಬಂದಂದಿನಿಂದ ಫೋನ್‌ಗಳು ಒಂದೊಂದು ವೈಫೈಗೂ ಒಂದೊಂದು ನಕಲಿ ಮ್ಯಾಕ್ ಅಡ್ರೆಸ್ ಸೃಷ್ಟಿಸಿಕೊಳ್ಳುತ್ತವೆ. ಮಾಲ್, ರೈಲ್ವೆ ಸ್ಟೇಷನ್‌ಗಳಲ್ಲಿ ಯಾರೂ ಬೆನ್ನು ಹತ್ತಬಾರದೆಂದು ಮಾಡಿದ ಒಳ್ಳೆಯ ಏರ್ಪಾಡು ಇದು. ಪಟ್ಟಿಯಲ್ಲಿದ್ದ ಫೋನ್‌ಗಳನ್ನಷ್ಟೇ ಒಳಗೆ ಬಿಡುವ ಪಿಜಿ ವೈಫೈಯಲ್ಲಿ ಅದೇ ಅಡ್ಡ ಬರುತ್ತದೆ.

ನಕಲಿಯನ್ನು ಗುರುತಿಸುವುದು ಸುಲಭ. ಮ್ಯಾಕ್ ಅಡ್ರೆಸ್‌ನಲ್ಲಿ ಹನ್ನೆರಡು ಅಕ್ಷರ. ಅದರಲ್ಲಿ ಎಡದಿಂದ ಎರಡನೆಯದು 2, 6, ‘ಎ’ ಅಥವಾ ‘ಇ’ ಆಗಿದ್ದರೆ ಅದು ಫೋನ್ ತಾನೇ ಹುಟ್ಟಿಸಿಕೊಂಡದ್ದು. ಕಾರ್ಖಾನೆಯಿಂದ ಬಂದ ಅಡ್ರೆಸ್‌ನಲ್ಲಿ ಸಾಮಾನ್ಯವಾಗಿ ಮೊದಲ ಆರು ಅಕ್ಷರ ತಯಾರಕರ ಗುರುತು. ಅದನ್ನು ಹಂಚುವುದು ಐಇಇಇ ಸಂಸ್ಥೆ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ವೈಫೈಗೆ ಹೋಗಿ, ಪಿಜಿ ವೈಫೈ ಹೆಸರಿನ ಪಕ್ಕದ ಗೇರ್ ಚಿತ್ರ ಒತ್ತಿ. ‘ಪ್ರೈವಸಿ’ ಅಥವಾ ‘ಮ್ಯಾಕ್ ಅಡ್ರೆಸ್ ಟೈಪ್’ ಎಂದಿರುವಲ್ಲಿ ‘ರ‍್ಯಾಂಡಮೈಸ್ಡ್’ ತೆಗೆದು ‘ಡಿವೈಸ್ ಮ್ಯಾಕ್’ ಅಥವಾ ‘ಫೋನ್ ಮ್ಯಾಕ್’ ಆರಿಸಿ. ಐಫೋನ್‌ನಲ್ಲಿ ವೈಫೈ ಹೆಸರಿನ ಪಕ್ಕದ ‘ಐ’ ಒತ್ತಿ ‘ಪ್ರೈವೇಟ್ ವೈಫೈ ಅಡ್ರೆಸ್’ ಆಫ್ ಮಾಡಿ. ಬದಲಾಯಿಸಿದ ಮೇಲೆ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹಳೆಯ ಕನೆಕ್ಷನ್ ಹಾಗೇ ಇದ್ದರೆ ಹೊಸ ಅಡ್ರೆಸ್ ಹೋಗುವುದಿಲ್ಲ. ಇದು ಆ ಒಂದು ವೈಫೈಗೆ ಮಾತ್ರ. ಬೇರೆ ಕಡೆಗಳಲ್ಲಿ ನಕಲಿ ಹಾಗೇ ಇರಲಿ.

‘ನಕಲಿಯನ್ನೇ ಪಟ್ಟಿಗೆ ಸೇರಿಸಿದರಾಯಿತಲ್ಲ’ ಎನ್ನುವವರಿದ್ದಾರೆ. ಬೇಡ. ಫೋನ್ ರೀಸೆಟ್ ಮಾಡಿದರೆ ಅದು ಬದಲಾಗುತ್ತದೆ. ಐಒಎಸ್ 18ರಲ್ಲಿ ‘ರೊಟೇಟಿಂಗ್’ ಆಯ್ಕೆ ಇದ್ದರೆ ತನ್ನಿಂದ ತಾನೇ ಆಗಾಗ ಬದಲಾಗುತ್ತಿರುತ್ತದೆ. ಆಗ ಪುನಃ ವಾರ್ಡನ್ ಮುಂದೆ ನಿಲ್ಲಬೇಕು.

ಇನ್ನು ಲ್ಯಾಪ್‌ಟಾಪ್. ಮ್ಯಾಕ್ ಅಡ್ರೆಸ್ ಇರುವುದು ಲ್ಯಾಪ್‌ಟಾಪ್‌ಗಲ್ಲ, ಅದರೊಳಗಿನ ಒಂದೊಂದು ನೆಟ್‌ವರ್ಕ್ ಅಡಾಪ್ಟರ್‌ಗೆ. ವೈಫೈಗೊಂದು, ಲ್ಯಾನ್ ಕೇಬಲ್‌ಗೊಂದು, ಬ್ಲೂಟೂತ್‌ಗೊಂದು, ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್‌ನಂತೆ ನಡೆಯುವ ಸಾಫ್ಟ್‌ವೇರ್) ಹಾಕಿಕೊಂಡಿದ್ದರೆ ಅದಕ್ಕೂ ಒಂದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಗೆಟ್‌ಮ್ಯಾಕ್’ ಎಂದು ಇಂಗ್ಲಿಷ್‌ನಲ್ಲಿ ಒಟ್ಟಿಗೆ ಟೈಪ್ ಮಾಡಿ, ಸ್ಪೇಸ್ ಬಿಟ್ಟು, ಸ್ಲ್ಯಾಶ್ ಮತ್ತು ‘ವಿ’ ಹಾಕಿ ಎಂಟರ್ ಒತ್ತಿ. ‘ಕನೆಕ್ಷನ್ ನೇಮ್’ ಕಾಲಂನಲ್ಲಿ ‘ವೈಫೈ’ ಎಂದಿರುವ ಸಾಲಿನದ್ದನ್ನು ಕೊಡಿ. ಎದುರಿಗೆ ‘ಮೀಡಿಯಾ ಡಿಸ್ಕನೆಕ್ಟೆಡ್’ ಎಂದಿದ್ದರೂ ನಂಬರ್ ಅದೇ. ಲ್ಯಾನ್ ಪೋರ್ಟ್ ಇಲ್ಲದ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಅಡಾಪ್ಟರ್ ಹಾಕುವವರು ಗಮನಿಸಿ: ಆಗ ಲೆಕ್ಕಕ್ಕೆ ಬರುವುದು ಸಾಮಾನ್ಯವಾಗಿ ಅಡಾಪ್ಟರ್‌ನ ಅಡ್ರೆಸ್. ರೂಮ್‌ಮೇಟ್‌ನದ್ದು ಎರವಲು ತಂದರೆ ನೆಟ್ ಅವನ ಹೆಸರಿನಲ್ಲಿ ಹೋಗುತ್ತದೆ.

ಕೈಬರಹದಲ್ಲಿ ಕೊಡಬೇಡಿ, ಸ್ಕ್ರೀನ್‌ಶಾಟ್ ಕಳಿಸಿ. ‘ಬಿ’ ಮತ್ತು 8 ಅದಲುಬದಲಾಗುವುದು ಮಾಮೂಲು. ‘ಒ’ ಅಕ್ಷರ ಇದರಲ್ಲಿ ಬರುವುದೇ ಇಲ್ಲ. ಹಾಗೆ ಕಂಡದ್ದೆಲ್ಲ ಸೊನ್ನೆ.

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮ್ಮ ಮನೆ. ಸಿಡಿಲಿಗೆ ರೌಟರ್ ಸುಟ್ಟುಹೋಯಿತು. ಹೊಸದು ಹಾಕಿದರೆ ವೈಫೈ ಸಿಗುತ್ತದೆ, ಇಂಟರ್ನೆಟ್ ಇಲ್ಲ. ಕೇಬಲ್‌ನವರು ‘ಮ್ಯಾಕ್ ಬದಲಾಗಿದೆ’ ಎನ್ನುತ್ತಾರೆ.

ಉತ್ತರ: ಕೆಲವು ಕಡೆ ಕನೆಕ್ಷನ್ನನ್ನು ರೌಟರ್‌ನ ಮ್ಯಾಕ್‌ಗೆ ಕಟ್ಟಿಹಾಕಿರುತ್ತಾರೆ. ಅವರಿಗೆ ಬೇಕಾದದ್ದು ‘ವ್ಯಾನ್’ ಪೋರ್ಟ್‌ನ, ಅಂದರೆ ಹೊರಗಿನಿಂದ ಇಂಟರ್ನೆಟ್ ಬಂದು ಸೇರುವ ಪೋರ್ಟ್‌ನ ಅಡ್ರೆಸ್. ರೌಟರ್ ಅಡಿಯ ಸ್ಟಿಕ್ಕರ್‌ನಲ್ಲಿರುವುದು ಅನೇಕ ಸಲ ಲ್ಯಾನ್‌ನದ್ದು, ಅಂದರೆ ಮನೆಯೊಳಗಿನ ಕಡೆಯದ್ದು. ವ್ಯಾನ್‌ನದ್ದು ಕೊನೆಯ ಅಂಕಿಯಲ್ಲಿ ಒಂದು ಹೆಚ್ಚೋ ಕಡಿಮೆಯೋ ಇರಬಹುದು. ಆದ್ದರಿಂದ ಬ್ರೌಸರ್‌ನಲ್ಲಿ 192.168.0.1 ಅಥವಾ 192.168.1.1 ತೆರೆದು, ಲಾಗಿನ್ ಆಗಿ, ‘ಸ್ಟೇಟಸ್’ ಪುಟದ ‘ವ್ಯಾನ್’ ಭಾಗದಲ್ಲಿ ಇರುವುದನ್ನು ಕೊಡಿ. ಭಾನುವಾರ ಕೇಬಲ್‌ನವರು ಫೋನ್ ಎತ್ತದಿದ್ದರೆ ಇನ್ನೊಂದು ದಾರಿ ಉಂಟು: ‘ಮ್ಯಾಕ್ ಕ್ಲೋನ್’ ಎಂಬ ಆಯ್ಕೆಯಲ್ಲಿ ಸುಟ್ಟ ರೌಟರ್‌ನ ವ್ಯಾನ್ ಅಡ್ರೆಸ್ ಹಾಕುವುದು. ಸ್ಟಿಕ್ಕರ್ ಬೇಕಾಗುತ್ತದೆ, ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ.

ಸುಟ್ಟದ್ದು ಫೈಬರ್ ನೇರವಾಗಿ ಬಂದು ಸೇರುವ ಪೆಟ್ಟಿಗೆಯಾಗಿದ್ದರೆ ಕ್ಲೋನ್‌ನ ಗೋಜಿಗೆ ಹೋಗಬೇಡಿ. ಫೈಬರ್ ಕನೆಕ್ಷನ್‌ನಲ್ಲಿ ಇಪಾನ್, ಜಿಪಾನ್ ಎಂಬ ಎರಡು ಬಗೆ ಉಂಟು; ಇಪಾನ್ ಆದರೆ ಮ್ಯಾಕ್, ಜಿಪಾನ್ ಆದರೆ ಸೀರಿಯಲ್ ನಂಬರ್ ನೋಡಿ ಕೇಬಲ್‌ನವರೇ ನೋಂದಾಯಿಸಬೇಕು. ‘ಲಾಸ್’ ದೀಪ ಕೆಂಪಗಿದ್ದರೆ ಮ್ಯಾಕ್‌ನ ಮಾತೇ ಬೇಡ, ಫೈಬರ್‌ನಲ್ಲಿ ಸಿಗ್ನಲ್ ಇಲ್ಲ.

ಪ್ರಶ್ನೆ: ಸುರತ್ಕಲ್‌ನ ನಮ್ಮ ಫ್ಲ್ಯಾಟ್‌ನಲ್ಲಿ ಟಿವಿ ಗೋಡೆಗೆ ಹಾಕಿದ್ದು, ಹಿಂದಿನ ಸ್ಟಿಕ್ಕರ್ ಕಾಣುವುದಿಲ್ಲ. ಪ್ರಿಂಟರ್‌ನದ್ದು ಅಳಿಸಿಹೋಗಿದೆ. ಇವುಗಳ ಮ್ಯಾಕ್ ಅಡ್ರೆಸ್ ನೋಡುವುದು ಹೇಗೆ?

ಉತ್ತರ: ಆಂಡ್ರಾಯ್ಡ್ ಟಿವಿಯಾದರೆ ಸೆಟ್ಟಿಂಗ್ಸ್, ‘ಡಿವೈಸ್ ಪ್ರಿಫರೆನ್ಸಸ್’, ‘ಅಬೌಟ್’, ‘ಸ್ಟೇಟಸ್’. ಫೈರ್ ಸ್ಟಿಕ್‌ಗೆ ‘ಮೈ ಫೈರ್ ಟಿವಿ’, ‘ಅಬೌಟ್’, ‘ನೆಟ್‌ವರ್ಕ್’. ಪ್ರಿಂಟರ್‌ನಿಂದ ‘ನೆಟ್‌ವರ್ಕ್ ಕಾನ್ಫಿಗರೇಶನ್’ ಪುಟ ಪ್ರಿಂಟ್ ತೆಗೆಯಿರಿ. ಯಾವುದೂ ಆಗದಿದ್ದರೆ ರೌಟರ್‌ನ ‘ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್’ (ರೌಟರ್‌ಗೆ ಸೇರಿಕೊಂಡ ಸಾಧನಗಳ ಪಟ್ಟಿ) ತೆರೆದು ಫೋಟೋ ತೆಗೆದುಕೊಳ್ಳಿ. ಪ್ರಿಂಟರ್ ಆಫ್ ಮಾಡಿ ರೌಟರ್ ರೀಸ್ಟಾರ್ಟ್ ಮಾಡಿ. ಮನೆಯ ಉಳಿದ ಸಾಧನಗಳೆಲ್ಲ ಮತ್ತೆ ಸೇರಿಕೊಂಡ ಮೇಲೆ ಪಟ್ಟಿಯಲ್ಲಿ ಕಾಣದೆ ಹೋದ ಸಾಲೇ ಪ್ರಿಂಟರ್.